ಕಾಗದ ಮತ್ತು ಬಟ್ಟೆಯ ಮೇಲೆ ಸ್ಕ್ರೀನ್ ಮುದ್ರಣ: ಒಂದು ಪರಿಚಯ

ಅಲ್ಪ ಬಂಡವಾಳದಿಂದ, ಮನೆಯ ಒಂದು ಕೋಣೆಯಲ್ಲಿಯೇ ಆರಂಭಿಸಬಹುದಾದ ಮುದ್ರಣ ವಿಧಾನಗಳಲ್ಲಿ ಸ್ಕ್ರೀನ್ ಮುದ್ರಣವು ಮುಖ್ಯವಾದುದು. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡ್, ಟೀ-ಶರ್ಟ್ ಮುಂತಾದವುಗಳಿಗೆ ಇದು ಬಳಕೆಯಲ್ಲಿದೆ. 2016ರಲ್ಲಿ ರಾಜ್ಯವು ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ್ದು, ಅವುಗಳಿಗೆ ಬದಲಾಗಿ ಬಳಸುವ ಬಟ್ಟೆಚೀಲಗಳ ಮೇಲೆ ಅಂಗಡಿಯ ಹೆಸರನ್ನು ಮುದ್ರಿಸಲೂ ಈ ವಿಧಾನ ಸೂಕ್ತವಾಗಿದೆ.

ಮರದ ಅಥವಾ ಅಲ್ಯೂಮಿನಿಯಂ ಚೌಕಟ್ಟಿಗೆ ಜಾಲರಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಲಾಗುತ್ತದೆ. ಹಿಂದೆ ರೇಷ್ಮೆಯನ್ನು ಬಳಸುತ್ತಿದ್ದುದರಿಂದ ‘ಸಿಲ್ಕ್ ಸ್ಕ್ರೀನ್’ ಎಂಬ ಹೆಸರು ಉಳಿದುಕೊಂಡಿದೆ. ಇಂದಿನದು ಬಹುಮಟ್ಟಿಗೆ ಪಾಲಿಯೆಸ್ಟರ್. ಜಾಲರಿಗೆ ಮಬ್ಬು ಬೆಳಕಿನಲ್ಲಿ ಎಮಲ್ಷನ್ ಲೇಪಿಸಿ, ಒಣಗಿಸಿ, ವಿನ್ಯಾಸದ ಪಾಸಿಟಿವ್ ಫಿಲ್ಮ್ ಇರಿಸಿ ತೀವ್ರ ಬೆಳಕಿಗೆ ಒಡ್ಡಲಾಗುತ್ತದೆ. ಬೆಳಕು ತಾಗಿದ ಲೇಪವು ಗಟ್ಟಿಯಾಗುತ್ತದೆ. ಫಿಲ್ಮಿನ ಕಪ್ಪು ಭಾಗದ ಮರೆಯಲ್ಲಿದ್ದ ಲೇಪವು ನೀರಿನಲ್ಲಿ ತೊಳೆದುಹೋಗಿ, ಅಲ್ಲಿ ಮಾತ್ರ ರಂಧ್ರಗಳು ತೆರೆದುಕೊಳ್ಳುತ್ತವೆ. ಸ್ಕ್ವೀಜಿ ಎಂಬ ರಬ್ಬರ್ ಪಟ್ಟಿಯಿಂದ ಒತ್ತಿ ಎಳೆದಾಗ ಶಾಯಿಯು ಆ ರಂಧ್ರಗಳ ಮೂಲಕ ಕೆಳಗಿಳಿಯುತ್ತದೆ. ಪ್ರತಿಯೊಂದು ಬಣ್ಣಕ್ಕೂ ಪ್ರತ್ಯೇಕ ಸ್ಕ್ರೀನ್ ಅವಶ್ಯಕ.

ಹೊಸಬರು ಸಾಮಾನ್ಯವಾಗಿ ಎಡವುವುದು ಕಾಗದದ ಸ್ಕ್ರೀನನ್ನೇ ಬಟ್ಟೆಗೂ ಬಳಸುವುದರಲ್ಲಿ. ಬಟ್ಟೆಯು ಶಾಯಿಯನ್ನು ಹೀರುವುದರಿಂದ ಅದಕ್ಕೆ ಸೆಂಟಿಮೀಟರಿಗೆ ಸುಮಾರು 43ರಿಂದ 55 ಎಳೆಗಳಿರುವ ಒರಟು ಜಾಲರಿ ಬೇಕು. ಕಾಗದಕ್ಕೆ 90ರಿಂದ 120 ಎಳೆಗಳದು. ಒರಟು ಜಾಲರಿಯಲ್ಲಿ ಲಗ್ನಪತ್ರಿಕೆ ಮುದ್ರಿಸಿದರೆ ಕನ್ನಡದ ಸಣ್ಣ ಒತ್ತಕ್ಷರಗಳು ಶಾಯಿ ತುಂಬಿ ಮುಚ್ಚಿಹೋಗುತ್ತವೆ. ವಧುವಿನ ಹೆಸರೇ ತಪ್ಪಾಗಿ ಓದಿಸಿಕೊಂಡರೆ ಗ್ರಾಹಕರು ಮತ್ತೆ ಬರುವುದಿಲ್ಲ.

ಹೊಸ ಬಟ್ಟೆಯ ಗಂಜಿಯನ್ನು ಮೊದಲು ತೊಳೆದು ತೆಗೆಯತಕ್ಕದ್ದು. ಹತ್ತಿ ಬಟ್ಟೆಗೆ ಬಳಸುವ ಪಿಗ್ಮೆಂಟ್ ಬಣ್ಣವನ್ನು ಬೈಂಡರ್‌ನೊಂದಿಗೆ ಬೆರೆಸಲಾಗುತ್ತದೆ. ಮುದ್ರಣ ಒಣಗಿದ ಮೇಲೆ ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಕೆಲವು ನಿಮಿಷ ನೀಡಿದರೆ ಬಣ್ಣವು ಎಳೆಗೆ ಕಚ್ಚಿಕೊಳ್ಳುತ್ತದೆ. ಈ ಹಂತವನ್ನು ಬಿಟ್ಟರೆ ಒಗೆತದಲ್ಲಿ ಅಕ್ಷರಗಳು ಮಾಸುತ್ತವೆ. ಇಡೀ ಆರ್ಡರನ್ನು ಕೈಗೊಳ್ಳುವ ಮುನ್ನ ಒಂದು ಚೀಲವನ್ನು ಮುದ್ರಿಸಿ, ಸಾಬೂನಿನಿಂದ ಒಗೆದು ನೋಡುವುದು ಸೂಕ್ತ.

ಎಮಲ್ಷನ್‌ಗೆ ಬೆರೆಸುವ ಕಿತ್ತಳೆ ಬಣ್ಣದ ಅಮೋನಿಯಂ ಡೈಕ್ರೋಮೇಟ್ ಅಗ್ಗವಾದರೂ ಅಪಾಯಕಾರಿ. ಇದು ಚರ್ಮದಲ್ಲಿ ಹುಣ್ಣು ಉಂಟುಮಾಡಬಲ್ಲದು, ಕ್ಯಾನ್ಸರ್‌ಕಾರಕವೂ ಹೌದು. ಇದನ್ನು ಬರಿಗೈಯಿಂದ ಮುಟ್ಟಬಾರದು. ತೊಳೆದ ನೀರನ್ನು ಚರಂಡಿಗಾಗಲಿ ಬಾವಿಯ ಬಳಿಗಾಗಲಿ ಬಿಡಬಾರದು. ಮನೆಯಲ್ಲಿ ಮಕ್ಕಳಿದ್ದರಂತೂ ಸ್ವಲ್ಪ ದುಬಾರಿಯಾದರೂ ಡಯಾಜೋ ಎಮಲ್ಷನ್ ಬಳಸುವುದೇ ಲೇಸು. ಕಾಗದದ ಶಾಯಿಗೆ ಬೆರೆಸುವ ಥಿನ್ನರ್ ಬೇಗನೆ ಹೊತ್ತಿಕೊಳ್ಳುವುದರಿಂದ ಮುದ್ರಣದ ಕೋಣೆಯು ಒಲೆಯಿಂದ ದೂರವಿದ್ದು, ಕಿಟಕಿಗಳು ತೆರೆದಿರತಕ್ಕದ್ದು.