ಕೈಬರಹದ ಪರಿವರ್ತನೆ: ವಯಸ್ಸು ಮತ್ತು ಕೀಲಿಮಣೆ

(೧) ವಿಷಯಪ್ರವೇಶ

ಒಬ್ಬನೇ ಮನುಷ್ಯನು ಇಪ್ಪತ್ತರ ಪ್ರಾಯದಲ್ಲಿ ಮಾಡಿದ ರುಜುವನ್ನೂ ಎಪ್ಪತ್ತರಲ್ಲಿ ಮಾಡಿದ ರುಜುವನ್ನೂ ಪಕ್ಕದಲ್ಲಿಟ್ಟು ನೋಡಿದರೆ ಅವು ಇಬ್ಬರವೆಂದು ತೋರುವುದುಂಟು. ಕ್ರಯಪತ್ರ, ಭಾಗಪತ್ರ, ಮರಣಶಾಸನಗಳ ವ್ಯಾಜ್ಯಗಳಲ್ಲಿ ಈ ಭೇದವನ್ನು ಹೇಗೆ ತಿಳಿಯುತ್ತೇವೆಂಬುದರ ಮೇಲೆ ಒಂದು ಕುಟುಂಬದ ಜಮೀನು ಉಳಿಯಬಹುದು, ಇಲ್ಲವೆ ಹೋಗಬಹುದು. ಒಬ್ಬ ಕವಿಯ ಹಸ್ತಪ್ರತಿಗಳಲ್ಲಿ ಮೊದಲಿನದು ಯಾವುದು, ತಿದ್ದಿದ್ದು ಯಾವಾಗ ಎಂದು ನಿರ್ಣಯಿಸಬೇಕಾದ ವಿದ್ವಾಂಸರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ವಿದ್ಯಾರ್ಥಿಯ ಬರಹ ಕೆಟ್ಟಿತೆಂದು ಕೊರಗುವ ಉಪಾಧ್ಯಾಯರದೂ ಮೂಲತಃ ಇದೇ ಪ್ರಶ್ನೆಯೇ.

ಕೈಬರಹವು ಎರಡು ಕಾರಣಗಳಿಂದ ಮಾರ್ಪಡುತ್ತದೆಂದು ಎಲ್ಲರೂ ಬಲ್ಲರು: ಒಂದು ವಯಸ್ಸು, ಇನ್ನೊಂದು ಅಭ್ಯಾಸಲೋಪ. ಕೀಲಿಮಣೆಯ ಬಳಕೆ ಹೆಚ್ಚಿದಂತೆಲ್ಲ ಎರಡನೆಯ ಕಾರಣವು ಪ್ರಬಲವಾಗಿದೆ. ಆದರೆ ಇವೆರಡೂ ಒಂದೇ ಬಗೆಯ ಹಾನಿಯನ್ನು ಮಾಡುತ್ತವೆಂಬ ಭಾವನೆ ಸರಿಯಲ್ಲ. ವಯಸ್ಸು ಗೆರೆಯನ್ನು ನಡುಗಿಸುತ್ತದೆ. ಅಕ್ಷರವನ್ನು ಕಟ್ಟುವ ಕ್ರಮವನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತದೆ. ಕೀಲಿಮಣೆಯು ಗೆರೆಯ ಬಲವನ್ನು ಮುಟ್ಟದೆ, ಕಟ್ಟುವ ಕ್ರಮವನ್ನು ಸಡಿಲಿಸುತ್ತದೆ. ಕನ್ನಡದಂತಹ ಒತ್ತಕ್ಷರಗಳುಳ್ಳ ಲಿಪಿಯಲ್ಲಿ ಈ ಭೇದವು ವಿಶೇಷವಾಗಿ ಸ್ಫುಟವಾಗುತ್ತದೆಂದು ತೋರಿಸುವುದು ಈ ಲೇಖನದ ಉದ್ದೇಶ. ದೃಷ್ಟಾಂತಕ್ಕಾಗಿ ಮರಳವಾಡಿಯ ಸೀಮೆಯನ್ನು ತೆಗೆದುಕೊಂಡಿದ್ದೇವೆ. ಬಹುಕಾಲ ಕನಕಪುರ ತಾಲ್ಲೂಕಿಗೆ ಸೇರಿದ್ದು ಈಗ ಹಾರೋಹಳ್ಳಿ ತಾಲ್ಲೂಕಿನಲ್ಲಿರುವ ಈ ಹೋಬಳಿಯಲ್ಲಿ, ಹಳೆಯ ಮೈಸೂರಿನ ಇತರ ಹೋಬಳಿಗಳಲ್ಲಿರುವಂತೆ, ಶ್ಯಾನುಭೋಗರ ಲೇಖನಿಯಿಂದ ಗಣಕಯಂತ್ರದ ಮುದ್ರಣದವರೆಗಿನ ಎಲ್ಲ ಅವಸ್ಥೆಗಳೂ ಮೂರು ನಾಲ್ಕು ತಲೆಮಾರುಗಳೊಳಗೆ ನಡೆದುಹೋಗಿವೆ.

(೨) ಬರಹವೆಂಬುದು ಚಲನೆ

ಅಕ್ಷರವನ್ನು ನಾವು ಕಣ್ಣಿನಿಂದ ಓದುತ್ತೇವಾದರೂ ಬರೆಯುವುದು ಚಲನೆಯ ನೆನಪಿನಿಂದ. ಕರಿಹಲಗೆಯ ಮೇಲೆ ತೋಳನ್ನೆಲ್ಲ ಆಡಿಸಿ ದೊಡ್ಡದಾಗಿ ಬರೆದರೂ, ಕಾಗದದ ಮೇಲೆ ಬೆರಳಿನ ತುದಿಯಿಂದ ಸಣ್ಣದಾಗಿ ಬರೆದರೂ ಒಬ್ಬನ ಬರಹದ ಮುಖ್ಯ ಲಕ್ಷಣಗಳು ಒಂದೇ ಆಗಿರುತ್ತವೆ. ರಷ್ಯದ ಶಾಸ್ತ್ರಜ್ಞ ನಿಕೊಲಾಯ್ ಬರ್ನ್‌ಸ್ಟೈನರು ಬೇರೆ ಬೇರೆ ಅಂಗಗಳಿಂದ ಬರೆದ ಒಂದೇ ಪದವನ್ನು ಹೋಲಿಸಿ ಈ ತತ್ತ್ವವನ್ನು ನಿದರ್ಶಿಸಿದರು. ಆದಕಾರಣ ಬರಹದ ರೂಪವು ಬೆರಳುಗಳಲ್ಲಿ ಮಾತ್ರ ನೆಲಸಿರದೆ, ಮೊದಲು ಯಾವ ಗೆರೆ, ಆಮೇಲೆ ಯಾವುದು, ಎಲ್ಲಿ ಲೇಖನಿಯನ್ನು ಎತ್ತಬೇಕು ಎಂಬ ಕ್ರಮವಾಗಿ ಮಿದುಳಿನಲ್ಲಿ ನೆಲಸಿರುತ್ತದೆ.

ಈ ಕ್ರಮವನ್ನು ರೂಪಿಸುವುದರಲ್ಲಿ ಸಾಧನದ ಪಾಲೂ ಉಂಟು. ಓಲೆಗರಿಯ ಮೇಲೆ ಕಂಟದಿಂದ ಕೊರೆಯುವಾಗ ನಾರಿನ ಗುಂಟ ಉದ್ದವಾದ ಅಡ್ಡಗೆರೆಯನ್ನು ಎಳೆದರೆ ಗರಿ ಸೀಳುವ ಭಯವಿತ್ತು. ದಕ್ಷಿಣದ ಲಿಪಿಗಳು ದುಂಡಾದುದಕ್ಕೆ ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿರುವ ಕಾರಣವಿದು. ಇದ್ದಿಲು, ಹುಣಿಸೆಬೀಜದ ಸರಿ ಮುಂತಾದುವನ್ನು ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುವಾಗ ಆ ಭಯವಿರಲಿಲ್ಲ. ಕೈ ವೇಗವಾಗಿ ಹರಿಯಿತು. ಕಚೇರಿಯ ಕಾಗದಗಳ ಕಟ್ಟಿಗೆ ಇಂದಿಗೂ ‘ಕಡತ’ವೆಂಬ ಹೆಸರು ಉಳಿದಿದೆ. ನಿಬ್ಬಿನ ಲೇಖನಿ ಒತ್ತಿದಲ್ಲಿ ದಪ್ಪ, ಬಿಟ್ಟಲ್ಲಿ ತೆಳು ಗೆರೆಯನ್ನು ಕೊಟ್ಟಿತು. ಬಾಲ್‌ಪೆನ್ನು ಆ ವ್ಯತ್ಯಾಸವನ್ನು ಅಳಿಸಿತು.

ಮುದ್ರಣದೊಡನೆ ಕೈಬರಹಕ್ಕಿರುವ ಸಂಬಂಧವೂ ಗಮನಾರ್ಹ. ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಬಂದಿತು, ಎಂದರೆ ಅಲ್ಲಿ ಕೈಬರಹವೇ ಮುದ್ರಣವಾಯಿತು. ಮೊಳೆಯಚ್ಚು ಹರಡಿದ ಮೇಲೆ ಈ ಸಂಬಂಧ ತಲೆಕೆಳಗಾಯಿತು. ಶಾಲೆಯ ಮಕ್ಕಳು ಅಚ್ಚಿನ ಅಕ್ಷರವನ್ನೇ ಮಾದರಿಯಾಗಿಟ್ಟುಕೊಂಡು ತಿದ್ದತೊಡಗಿದರು.

(೩) ವಯಸ್ಸು ಮಾಡುವ ಕೆಲಸ

ಮಗುವು ಮೊದಲು ಅಕ್ಷರವನ್ನು ಚಿತ್ರದಂತೆ ಬಿಡಿಸುತ್ತದೆ. ಪ್ರತಿಯೊಂದು ಗೆರೆಗೂ ಕಣ್ಣಿನ ಕಾವಲು ಬೇಕು. ಕೆಲವು ವರ್ಷಗಳ ಅಭ್ಯಾಸದಿಂದ ಕೈ ತಾನಾಗಿಯೇ ನಡೆಯುತ್ತದೆ. ಆಗ ಹುಡುಗನು ಮಾದರಿಯನ್ನು ಬಿಟ್ಟು ತನ್ನದೇ ಆದ ಸಂಕ್ಷೇಪಗಳನ್ನು ಮಾಡಿಕೊಳ್ಳುತ್ತಾನೆ: ತಲೆಕಟ್ಟನ್ನು ಅಕ್ಷರದ ಮೈಗೇ ಕೂಡಿಸುತ್ತಾನೆ, ಕೊಂಬನ್ನು ಮುಂದಿನ ಅಕ್ಷರದ ಮೊದಲ ಗೆರೆಯಾಗಿ ಹರಿಸುತ್ತಾನೆ. ಪ್ರೌಢನ ಬರಹವೆಂದು ನಾವು ಗುರುತಿಸುವುದು ಈ ಸಂಕ್ಷೇಪಗಳ ಮೊತ್ತವನ್ನೇ.

ಮುಪ್ಪಿನಲ್ಲಿ ವೇಗ ಕುಂದುತ್ತದೆ, ಒತ್ತಡ ಒಂದೇ ಸಮನಾಗಿರುವುದಿಲ್ಲ, ದುಂಡಾದ ತಿರುವುಗಳಲ್ಲಿ ಕೋನಗಳು ಕಾಣುತ್ತವೆ, ಲೇಖನಿಯನ್ನು ಎತ್ತಿ ವಿಶ್ರಮಿಸುವ ಸಂದರ್ಭಗಳು ಹೆಚ್ಚುತ್ತವೆ. ಕಣ್ಣು ಮಂಜಾದರೆ ಸಾಲು ಏರಿಳಿಯುತ್ತದೆ. ರೋಗದ ಗುರುತುಗಳು ಬೇರೆ. ೧೮೧೭ರಲ್ಲಿ ಜೇಮ್ಸ್ ಪಾರ್ಕಿನ್‌ಸನ್ನರು ವರ್ಣಿಸಿದ ಕಂಪವ್ಯಾಧಿಯಲ್ಲಿ ಬರಹವು ಸಾಲಿನ ಕೊನೆಗೆ ಹೋದಂತೆ ಕಿರಿದಾಗುತ್ತ ಹೋಗುವುದುಂಟು. ಬೇರೆ ಬಗೆಯ ನಡುಕಗಳಲ್ಲಿ ಅಕ್ಷರವು ದೊಡ್ಡದಾಗಿ ಅಲೆಯಲೆಯಾಗಿ ಬೀಳುತ್ತದೆ. ಇವುಗಳಲ್ಲಿ ಯಾವುದನ್ನೂ ಮನುಷ್ಯನ ಗುಣದೋಷಗಳ ಲಕ್ಷಣವೆಂದು ತಿಳಿಯಲಾಗದು. ಅಕ್ಷರದಿಂದ ಶೀಲವನ್ನು ಹೇಳುವೆವೆಂಬ ವಿದ್ಯೆಗೆ ಶಾಸ್ತ್ರೀಯ ಪರೀಕ್ಷೆಗಳ ಬೆಂಬಲ ದೊರೆತಿಲ್ಲ.

ಇಷ್ಟಾದರೂ ವೃದ್ಧನು ತನ್ನ ಹೆಸರಿನ ಒತ್ತನ್ನು ಎಲ್ಲಿಂದ ಆರಂಭಿಸುತ್ತಿದ್ದನೋ ಅಲ್ಲಿಂದಲೇ ಆರಂಭಿಸುತ್ತಾನೆ. ಯಾವ ಅಕ್ಷರಗಳನ್ನು ಕೂಡಿಸುತ್ತಿದ್ದನೋ ಅವುಗಳನ್ನೇ ಕೂಡಿಸಲು ಯತ್ನಿಸುತ್ತಾನೆ. ಗೆರೆಯ ಮೈ ಕೆಟ್ಟರೂ ಎಲುಬು ಉಳಿಯುತ್ತದೆ.

(೪) ಕೀಲಿಮಣೆ ಮಾಡುವ ಕೆಲಸ

ಕೀಲಿಮಣೆಯ ವಿಷಯದಲ್ಲಿ ಎರಡು ಕಾಲಗಳನ್ನು ಬೇರ್ಪಡಿಸಬೇಕು. ಅನಂತಸುಬ್ಬರಾಯರು ರೂಪಿಸಿದ ಕನ್ನಡ ಬೆರಳಚ್ಚುಯಂತ್ರದಲ್ಲಿ ಅಕ್ಷರವನ್ನು ಅದರ ಅವಯವಗಳಿಂದ ಕಟ್ಟಬೇಕಾಗಿತ್ತು. ಅಕ್ಷರದ ಮೈ, ಗುಣಿತದ ಚಿಹ್ನೆ, ಒತ್ತು ಇವುಗಳನ್ನು ಕಣ್ಣಿಗೆ ಕಾಣುವ ರೂಪಕ್ಕೆ ಅನುಸಾರವಾಗಿ ಒಂದೊಂದಾಗಿ ಒತ್ತುತ್ತಿದ್ದರು. ಆದಕಾರಣ ಬೆರಳಚ್ಚುಗಾರನ ಮನಸ್ಸು ಬರಹಗಾರನ ಮನಸ್ಸಿನ ದಾರಿಯಲ್ಲಿಯೇ ನಡೆಯುತ್ತಿತ್ತು.

ಗಣಕಯಂತ್ರದಲ್ಲಿ ಈ ದಾರಿ ಬದಲಾಯಿತು. ೧೯೯೧ರಲ್ಲಿ ಹೊರಬಂದ ಯುನಿಕೋಡ್ ಸಂಕೇತವ್ಯವಸ್ಥೆಯಲ್ಲಿ ಕನ್ನಡವು ಉಚ್ಚಾರಣೆಯ ಕ್ರಮದಲ್ಲಿ ಸಂಗ್ರಹವಾಗುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಕಚೇರಿಗಳಲ್ಲಿ ಬಳಕೆಗೆ ಬಂದ ಕೀಲಿವಿನ್ಯಾಸವೂ ಧ್ವನಿಯನ್ನೇ ಅನುಸರಿಸುತ್ತದೆ. ಇದು ವ್ಯಾಕರಣಕ್ಕೆ ಒಪ್ಪುವ, ಕಲಿಯಲು ಸುಲಭವಾದ ಏರ್ಪಾಡೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೈಯ ಕ್ರಮವು ಇದಕ್ಕಿಂತ ಬೇರೆ.

ರಾಮನಗರ, ಕನಕಪುರಗಳನ್ನು ಹಾದು ಕಾವೇರಿಯನ್ನು ಸೇರುವ ನದಿಯ ಹೆಸರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ‘ಅರ್ಕಾವತಿ’ ಎಂದು ಕೈಯಿಂದ ಬರೆಯುವವನು ‘ಅ’ ಬರೆದು, ‘ಕಾ’ ಬರೆದು, ಆಮೇಲೆ ಒಂಬತ್ತರ ಅಂಕಿಯಂತಿರುವ ಅರ್ಕಾವೊತ್ತನ್ನು ಇಡುತ್ತಾನೆ. ನಾಲಗೆಗೆ ಮೊದಲು ಬರುವ ರಕಾರವು ಕೈಗೆ ಕೊನೆಯಲ್ಲಿ ಬರುತ್ತದೆ. ಕೀಲಿಮಣೆಯ ಮುಂದೆ ಕುಳಿತವನು ರಕಾರವನ್ನು ಮೊದಲು ಒತ್ತಿ, ಒತ್ತಿನ ಕೊಂಡಿಯನ್ನು ಸೇರಿಸಿ, ಅನಂತರ ಕಕಾರವನ್ನೂ ದೀರ್ಘವನ್ನೂ ಒತ್ತುತ್ತಾನೆ. ಚಿಹ್ನೆಯನ್ನು ಅದರ ಸ್ಥಾನದಲ್ಲಿ ಕೂರಿಸುವ ಹೊಣೆ ಯಂತ್ರದ್ದು.

‘ಚನ್ನಪಟ್ಟಣ’ ಎಂಬ ಹೆಸರು ಇನ್ನೊಂದು ಅಂಶವನ್ನು ತೋರಿಸುತ್ತದೆ. ಟಕಾರದ ಒತ್ತು ಟಕಾರವನ್ನೇ ಹೋಲುತ್ತದೆ. ನಕಾರದ ಒತ್ತಿಗೆ ಬೇರೆಯೇ ರೂಪ. ತ, ಮ, ಯ, ರ, ಲ ಇವುಗಳ ಒತ್ತುಗಳೂ ಮೂಲಾಕ್ಷರದಿಂದ ದೂರವಾದವು. ಬರೆಯುವವನು ಇವುಗಳನ್ನು ಬಿಡಿಬಿಡಿಯಾಗಿ ನೆನಪಿನಲ್ಲಿಡಬೇಕು. ಕೀಲಿಮಣೆಯಲ್ಲಿ ಇವೆಲ್ಲಕ್ಕೂ ಒಂದೇ ವಿಧಾನ. ರೂಪವನ್ನು ನೆನೆಯುವ ಅವಶ್ಯಕತೆಯೇ ಇಲ್ಲ. ದ-ಧ, ಡ-ಢ, ಬ-ಭಗಳ ಭೇದವೂ ಹೀಗೆಯೇ. ಕೈಯಲ್ಲಿ ಅದು ಅಕ್ಷರದ ಅಡಿಯಲ್ಲಿ ಕೊನೆಗೆ ಎಳೆಯುವ ಒಂದು ಸಣ್ಣ ಸೀಳು. ಅವಸರವಾದರೆ ಬಿಟ್ಟುಹೋಗುವುದು ಅದೇ. ಮೊಬೈಲಿನಲ್ಲಿ ರೋಮನ್ ಅಕ್ಷರಗಳಿಂದ ಕನ್ನಡ ಬರೆಯುವವರಿಗಂತೂ ಕನ್ನಡದ ರೂಪದೊಡನೆ ಕೈಯ ಸಂಪರ್ಕವೇ ತಪ್ಪುತ್ತದೆ.

ಚೀನ ಜಪಾನುಗಳಲ್ಲಿ ಧ್ವನಿಯನ್ನು ಒತ್ತಿ ಚಿತ್ರಾಕ್ಷರವನ್ನು ಆರಿಸುವ ಪದ್ಧತಿಯಿಂದ, ಓದಬಲ್ಲ ಅಕ್ಷರವನ್ನು ಬರೆಯಲು ಮರೆಯುವ ಸ್ಥಿತಿ ಉಂಟಾಗಿದೆಯೆಂದು ಅಲ್ಲಿಯವರು ದೂರುತ್ತಾರೆ. ವರ್ಣಮಾಲೆ ಚಿಕ್ಕದಾದ ನಮ್ಮಲ್ಲಿ ಅಷ್ಟು ದೊಡ್ಡ ಮರೆವು ಸಂಭವಿಸದು. ಆದರೂ ಒತ್ತಿನ ರೂಪ, ಅರ್ಕಾವೊತ್ತಿನ ಸ್ಥಾನ, ಮಹಾಪ್ರಾಣದ ಸೀಳು ಈ ಮೂರು ಕಡೆಗಳಲ್ಲಿ ಕೈ ತಡವರಿಸಲು ಕಾರಣವುಂಟು. ೨೦೦೫ರಲ್ಲಿ ಮರೀಕ್ ಲೋಂಕಾಂ ಮತ್ತು ಅವರ ಸಂಗಡಿಗರು ಫ್ರಾನ್ಸಿನ ಎಳೆಯ ಮಕ್ಕಳಲ್ಲಿ ನಡೆಸಿದ ಪ್ರಯೋಗದಲ್ಲಿ, ಅಕ್ಷರಗಳನ್ನು ಬರೆದು ಕಲಿತ ದೊಡ್ಡ ಮಕ್ಕಳು ಕೀಲಿಯೊತ್ತಿ ಕಲಿತವರಿಗಿಂತ ಚೆನ್ನಾಗಿ ಅವುಗಳನ್ನು ಗುರುತಿಸಿದರು. ಕೈಯ ಚಲನೆ ಕಣ್ಣಿಗೂ ನೆರವಾಗುತ್ತದೆಂಬುದು ಇದರಿಂದ ತಿಳಿಯುತ್ತದೆ.

(೫) ಹೋಬಳಿಯ ಕಾಗದಪತ್ರಗಳು

ಮರಳವಾಡಿಯಂತಹ ಹೋಬಳಿಯ ಹಳ್ಳಿಗಳಲ್ಲಿ ಜಮೀನಿನ ಲೆಕ್ಕವನ್ನು ವಂಶಪಾರಂಪರ್ಯವಾಗಿ ಶ್ಯಾನುಭೋಗರು ಬರೆದಿಡುತ್ತಿದ್ದರು. ದಿನವೂ ಬರೆದು ಪಳಗಿದ ಆ ಕೈಗಳ ಕೂಡುಬರಹವು ಹೊರಗಿನವರಿಗೆ ಬೇಗನೆ ತಿಳಿಯುತ್ತಿರಲಿಲ್ಲ. ೧೯೬೧ರ ಗ್ರಾಮಾಧಿಕಾರ ರದ್ದಿಯಾತಿ ಕಾನೂನು ೧೯೬೩ರ ಫೆಬ್ರವರಿ ೧ರಿಂದ ಜಾರಿಗೆ ಬಂದು ಆ ವೃತ್ತಿ ನಿಂತಿತು. ಸಂಬಳದ ಗ್ರಾಮಲೆಕ್ಕಿಗರು ಬಂದರು. ಈ ಶತಮಾನದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆಯಿಂದ ರಾಜ್ಯದ ಸುಮಾರು ೨ ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಕೈಯಲ್ಲಿ ಬರೆದುಕೊಡುವ ಪಹಣಿ ನಿಂತುಹೋಯಿತು. ರೈತನಿಗೆ ಇದರಿಂದಾದ ಅನುಕೂಲ ದೊಡ್ಡದು. ಆದರೆ ಮೂಲವನ್ನು ಪರಿಶೀಲಿಸಬೇಕಾದಾಗ ಹಳೆಯ ಕೈಬರಹವನ್ನೇ ಓದಬೇಕು. ಆ ಕೈಯನ್ನು ಬಲ್ಲವರು ವರ್ಷ ವರ್ಷಕ್ಕೂ ಕಡಮೆಯಾಗುತ್ತಿದ್ದಾರೆ.

ನ್ಯಾಯಾಲಯದಲ್ಲಿ ಕೈಬರಹಕ್ಕೆ ಸ್ಥಾನವನ್ನು ಕೊಟ್ಟಿದ್ದು ೧೮೭೨ರ ಭಾರತ ಸಾಕ್ಷ್ಯ ಅಧಿನಿಯಮ. ತಜ್ಞರ ಅಭಿಪ್ರಾಯ, ಬರಹದ ಪರಿಚಯವುಳ್ಳವರ ಅಭಿಪ್ರಾಯ, ನ್ಯಾಯಾಧೀಶರು ತಾವೇ ಮಾಡುವ ಹೋಲಿಕೆ ಈ ಮೂರನ್ನು ಅದರ ೪೫, ೪೭ ಮತ್ತು ೭೩ನೆಯ ಪ್ರಕರಣಗಳು ಅಂಗೀಕರಿಸಿದ್ದವು. ೨೦೨೪ರ ಜುಲೈ ೧ರಿಂದ ಅದರ ಸ್ಥಾನದಲ್ಲಿ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ಮೂರು ಮಾರ್ಗಗಳನ್ನು ಉಳಿಸಿಕೊಂಡಿದೆ.

ಮೇಲೆ ಹೇಳಿದ ಭೇದವು ಇಲ್ಲಿ ಉಪಯೋಗಕ್ಕೆ ಬರುತ್ತದೆ. ವೃದ್ಧನ ಸಹಜವಾದ ನಡುಕವು ಎಲ್ಲೆಡೆಯೂ ಒಂದೇ ಅಳತೆಯಲ್ಲಿರುವುದಿಲ್ಲ. ಕಷ್ಟವಾದ ತಿರುವುಗಳಲ್ಲಿ ಹೆಚ್ಚಿ, ಅಭ್ಯಾಸವಾದ ಗೆರೆಗಳಲ್ಲಿ ತಗ್ಗುತ್ತದೆ. ನಕಲು ಮಾಡುವವನ ನಡುಕವು ಮೆಲ್ಲಗೆ ಚಿತ್ರ ಬಿಡಿಸುವವನ ನಡುಕ. ಅಲ್ಲಿ ಗೆರೆಯ ಹೊರರೂಪ ಹೊಂದಿದರೂ ಲೇಖನಿ ಎತ್ತಿದ ಸ್ಥಳಗಳು ಹೊಂದುವುದಿಲ್ಲ. ಆದುದರಿಂದ ರುಜುವು ನಡುಗಿದೆಯೆಂಬ ಒಂದೇ ಕಾರಣದಿಂದ ಅದನ್ನು ಸುಳ್ಳೆಂದು ತಳ್ಳುವುದು ಅನ್ಯಾಯ. ಸುಂದರವಾಗಿದೆಯೆಂದು ಒಪ್ಪುವುದೂ ಅಪಾಯವೇ. ಹೋಲಿಕೆಗೆ ತೆಗೆದುಕೊಳ್ಳುವ ಮಾದರಿಯು ಅದೇ ಕಾಲಕ್ಕೆ ಸಮೀಪದ್ದಾಗಿರಬೇಕು. ನಲವತ್ತು ವರ್ಷ ಹಿಂದಿನ ರುಜುವಿನೊಡನೆ ಮುದುಕನ ರುಜುವನ್ನು ಇಟ್ಟು ತೀರ್ಪು ಹೇಳಬಾರದು. ಬರೆಯಲಾರದ ವೃದ್ಧರಿಗೂ ರೋಗಿಗಳಿಗೂ, ಸಾಕ್ಷಿಗಳು ಗುರುತಿಸಿದ ಹೆಬ್ಬೆಟ್ಟಿನಿಂದ ಬ್ಯಾಂಕುಗಳಲ್ಲಿ ಹಣ ತೆಗೆಯಲು ರಿಸರ್ವ್ ಬ್ಯಾಂಕು ಅವಕಾಶವಿತ್ತಿರುವುದು ಈ ದೃಷ್ಟಿಯಿಂದ ಯುಕ್ತವಾಗಿದೆ.

ಇನ್ನು ಕೀಲಿಮಣೆಯಲ್ಲಿಯೇ ಬೆಳೆದವರ ವಿಷಯ. ಅವರು ವರ್ಷಕ್ಕೆ ಕೆಲವೇ ಸಲ ರುಜು ಮಾಡುತ್ತಾರೆ; ಆ ರುಜುವು ಯೌವನದಲ್ಲಿಯೇ ಸ್ಥಿರವಾಗಿರುವುದಿಲ್ಲ. ಮುಂದೆ ಇವರ ಬರಹಗಳನ್ನು ಪರೀಕ್ಷಿಸುವವರಿಗೆ, ವಯಸ್ಸಿನಿಂದ ಬಂದ ವ್ಯತ್ಯಾಸವಾವುದು, ಅಭ್ಯಾಸವಿಲ್ಲದೆ ಬಂದ ವ್ಯತ್ಯಾಸವಾವುದು ಎಂದು ಬೇರ್ಪಡಿಸುವುದು ಈಗಿಗಿಂತಲೂ ಕಷ್ಟವಾದೀತು.

(೬) ಕರ್ತವ್ಯ

ಯಂತ್ರವನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ; ಕನ್ನಡವನ್ನು ಕಚೇರಿಗೂ ಜಗತ್ತಿಗೂ ತಲುಪಿಸುವುದರಲ್ಲಿ ಅದರ ಉಪಕಾರ ಸಣ್ಣದಲ್ಲ. ಮೂರು ಕೆಲಸಗಳನ್ನು ಮಾತ್ರ ಸೂಚಿಸುತ್ತೇವೆ. ಮೊದಲನೆಯದಾಗಿ, ಸಾಹಿತಿಗಳ ಹಸ್ತಪ್ರತಿಗಳನ್ನು ಸಂಗ್ರಹಿಸುವವರು ತೇದಿಯುಳ್ಳ ಕಾಗದಗಳನ್ನೂ ಪೋಸ್ಟ್ ಕಾರ್ಡುಗಳನ್ನೂ ವರ್ಷಾನುಕ್ರಮವಾಗಿ ಜೋಡಿಸಿಡಬೇಕು. ತೇದಿಯಿಲ್ಲದ ಪ್ರತಿಯ ಕಾಲನಿರ್ಣಯಕ್ಕೆ ಅವೇ ಅಳತೆಗೋಲು. ಎರಡನೆಯದಾಗಿ, ಶ್ಯಾನುಭೋಗರ ಬರಹವನ್ನು ಓದಬಲ್ಲ ಹಿರಿಯರಿರುವಾಗಲೇ ಪ್ರತಿ ಹೋಬಳಿಯಲ್ಲಿಯೂ ಕೆಲವು ಪತ್ರಗಳನ್ನು ಅವರಿಂದ ಓದಿಸಿ, ಮೂಲದ ಪ್ರತಿಕೃತಿಯ ಪಕ್ಕದಲ್ಲಿ ಅಚ್ಚಿನ ಪಾಠವನ್ನು ಸೇರಿಸಿಡಬೇಕು. ಮೂರನೆಯದಾಗಿ, ಉಪಾಧ್ಯಾಯರು ಅಂದದ ಅಕ್ಷರಕ್ಕಿಂತ ಕ್ರಮವುಳ್ಳ ಅಕ್ಷರವನ್ನು ಕಲಿಸಬೇಕು. ಒತ್ತು, ಅರ್ಕಾವೊತ್ತು, ಮಹಾಪ್ರಾಣಗಳುಳ್ಳ ಪದಗಳನ್ನು ದಿನಕ್ಕೆ ಹತ್ತು ಸಾಲು ಬರೆಸಿದರೂ ಸಾಕು. ಬಾಲ್ಯದಲ್ಲಿ ಕೈಗೆ ಬಂದ ಕ್ರಮವು ಮುಪ್ಪಿನ ನಡುಕವನ್ನೂ ತಡೆದುಕೊಂಡು ನಿಲ್ಲುತ್ತದೆಂದು ಮೇಲೆ ನೋಡಿದೆವು. ಬಾರದೇ ಇದ್ದ ಕ್ರಮಕ್ಕೆ ಆ ಬಲವಿಲ್ಲ. ಈ ವಿಷಯವನ್ನು ತಮ್ಮ ತಮ್ಮ ಸೀಮೆಯ ಪತ್ರಗಳಿಂದ ಪರೀಕ್ಷಿಸಿ ಹೆಚ್ಚಿನ ನಿದರ್ಶನಗಳನ್ನು ಒದಗಿಸಬೇಕೆಂದು ವಿದ್ವಾಂಸರನ್ನು ಪ್ರಾರ್ಥಿಸುತ್ತೇವೆ.