ಕೀಮೋ ಮುಗಿಸಿ ಊರಿಗೆ ಬಂದ ಮೇಲೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕ್ಯಾನ್ಸರ್ ರೋಗಿಗಳು ಚಿಕಿತ್ಸೆಗೆ ಬೆಳಗಾವಿ, ಮಿರಜ, ಕೊಲ್ಹಾಪುರದ ದಾರಿ ಹಿಡಿಯುತ್ತಾರೆ. ಕೀಮೋ ಮುಗಿಯಿತೆಂದರೆ ಊರಿಗೆ ವಾಪಸು. ಶುಶ್ರೂಷೆ ಹೆಚ್ಚು ಬೇಕಾಗುವುದು ಆಮೇಲೆಯೇ. ಕೀಮೋ ಕೊಟ್ಟ ಮೇಲೆ ಸಾಮಾನ್ಯವಾಗಿ 7ರಿಂದ 14ನೇ ದಿನದೊಳಗೆ ಬಿಳಿ ರಕ್ತಕಣಗಳು ತೀರಾ ಕಡಿಮೆಯಾಗುತ್ತವೆ, ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರವೂ ತುರ್ತು ಸ್ಥಿತಿ, ಮಾತ್ರೆ ನುಂಗಿ ಬೆಳಗಿನವರೆಗೆ ಕಾಯುವಂತಿಲ್ಲ. ಬಾಯಿ, ಗಂಟಲಿಗೆ ವಿಕಿರಣ ಚಿಕಿತ್ಸೆ ಪಡೆದವರಿಗೆ ಹುಣ್ಣಾಗಿ ಅನ್ನ ಇಳಿಯದು. ತೂಕ ಕುಸಿದು ಚಿಕಿತ್ಸೆಯೇ ಅರ್ಧಕ್ಕೆ ನಿಲ್ಲಬಹುದು. ತಂಬಾಕಿಗೆ ಹೆಸರಾದ ನಿಪ್ಪಾಣಿ ಸೀಮೆಗೆ ಬಾಯಿ, ಗಂಟಲಿನ ಕ್ಯಾನ್ಸರ್ ದೂರದ ಮಾತಲ್ಲ.

ಮನೆಯವರು ನೋಡಿಕೊಳ್ಳುತ್ತಾರಲ್ಲ ಎನ್ನಬಹುದು. ನೋಡಿಕೊಳ್ಳುತ್ತಾರೆ, ಪ್ರೀತಿಯಿಂದಲೇ, ಆದರೆ ಯಾವ ಜ್ವರಕ್ಕೆ ಆಸ್ಪತ್ರೆಗೆ ಓಡಬೇಕೆಂದು ಅವರಿಗೆ ಯಾರಾದರೂ ಹೇಳಿಕೊಟ್ಟಿರಬೇಕು. ಹೀಗೆ ನಿಗಾ ಇಡುವವರಿದ್ದರೆ ಏನು ಲಾಭ ಎಂಬುದಕ್ಕೆ ಉದಾಹರಣೆಯಿದೆ. ದೇಹದಲ್ಲಿ ಹರಡಿದ ಕ್ಯಾನ್ಸರ್‌ನ 766 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರು ತಮ್ಮ ಬಾಧೆಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸುತ್ತಿದ್ದರು, ಬಾಧೆ ಹೆಚ್ಚಿದರೆ ನರ್ಸ್‌ಗಳಿಗೆ ಸೂಚನೆ ಹೋಗುತ್ತಿತ್ತು. ಈ ಗುಂಪಿನ ರೋಗಿಗಳು ಬದುಕಿದ ಅವಧಿಯ ಮಧ್ಯಾಂಕ 31.2 ತಿಂಗಳು, ಉಳಿದವರದು 26. ಅಲ್ಲಿನ ಸೌಕರ್ಯ ಇಲ್ಲೆಲ್ಲಿದೆ ಎಂಬ ಆಕ್ಷೇಪ ಸರಿಯೇ. ಆದರೆ ತಾಲೂಕು ಆಸ್ಪತ್ರೆಗೊಬ್ಬ ತರಬೇತಾದ ನರ್ಸ್, ಕೈಯಲ್ಲೊಂದು ಫೋನ್, ಇಷ್ಟು ನಮಗೂ ಸಾಧ್ಯ. ಸರ್ಕಾರ ಇದನ್ನು ಮಾಡಲೇಬೇಕು. ಅಲ್ಲಿಯವರೆಗೆ ಮನೆಯಲ್ಲೊಂದು ಥರ್ಮಾಮೀಟರ್ ಇಟ್ಟುಕೊಳ್ಳಿ, ರಾತ್ರಿ ಜ್ವರ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕೆಂದು ಆಸ್ಪತ್ರೆ ಬಿಡುವ ಮೊದಲೇ ಬರೆಸಿಕೊಳ್ಳಿ.