ಪೊಟ್ಟಣದ ಮೇಲಿನ ತಾರೀಖು

ನಮ್ಮಪ್ಪ 1963ರಲ್ಲಿ ಕಾರ್ಖಾನೆಗೆ ಸೇರಿದಾಗ ಅದಕ್ಕಿನ್ನೂ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ಹೆಸರಿತ್ತು. ಹಿಂದೂಸ್ತಾನ್ ಏರೋನಾಟಿಕ್ಸ್ ಎಂದಾದದ್ದು ಮರುವರ್ಷ. ಮಾಲೂರು ತಾಲ್ಲೂಕಿನ ಟೇಕಲ್ ಹತ್ತಿರದ ಹಳ್ಳಿಯಿಂದ ಬೆಂಗಳೂರಿನ ವಿಮಾನಪುರಕ್ಕೆ ಬರುವಾಗ ಒಂದು ಟ್ರಂಕು, ಅರ್ಧ ಮೂಟೆ ರಾಗಿ, ಅಜ್ಜಿ ಬಟ್ಟೆ ಸುತ್ತಿ ಕಟ್ಟಿಕೊಟ್ಟ ಉಪ್ಪಿನಕಾಯಿ ಜಾಡಿ ತಂದಿದ್ದರಂತೆ. ಜಾಡಿ ಖಾಲಿಯಾದಾಗಲೆಲ್ಲ ಊರಿನಿಂದ ಇನ್ನೊಂದು ಬರುತ್ತಿತ್ತು. ನಾನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದರೂ ನಮ್ಮನೆಯ ನಾಲಿಗೆ ಊರಿನದೇ.

ಮೂವತ್ತನಾಲ್ಕು ವರ್ಷ ನರ್ಸ್ ಕೆಲಸ ಮಾಡಿ ನಿವೃತ್ತಳಾದೆ. ಈಗ ತಿಂಗಳಲ್ಲಿ ಎರಡು ಭಾನುವಾರ ಕೆ.ಆರ್. ಪುರದಲ್ಲಿ ರೈಲು ಹತ್ತಿ ಟೇಕಲ್‌ನಲ್ಲಿ ಇಳಿಯುತ್ತೇನೆ. ಚೀಲದಲ್ಲಿ ಬಿಪಿ ನೋಡುವ ಯಂತ್ರ, ಒಂದು ನೋಟ್‌ಬುಕ್, ಮತ್ತು ಅಂಗೈ ಅಗಲದ ಅಡುಗೆ ತಕ್ಕಡಿ. ಯಂತ್ರ ಯಾಕೆಂದು ಯಾರೂ ಕೇಳುವುದಿಲ್ಲ. ತಕ್ಕಡಿ ಯಾಕೆಂದು ಎಲ್ಲರೂ ಕೇಳುತ್ತಾರೆ.

ಅದಕ್ಕೆ ಉತ್ತರ ನನ್ನ ಚಿಕ್ಕಪ್ಪ. 2011ರ ಬೇಸಿಗೆ, ಆಗ ಅವರಿಗೆ 52 ವರ್ಷ. ಬೆಳಿಗ್ಗೆ ಟೊಮೆಟೊ ತೋಟದಲ್ಲಿ ನೀರು ತಿರುಗಿಸುವಾಗ ಎದೆ ಹಿಡಿದ ಹಾಗಾಯಿತಂತೆ, ಮೈ ಬೆವರಿತಂತೆ. ಗ್ಯಾಸ್ಟ್ರಿಕ್ ಎಂದುಕೊಂಡರು. ಸೋಡ ಕುಡಿದರು, ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಂಡರು, ಹಜಾರದಲ್ಲಿ ಮಲಗಿದರು. ಸಂಜೆ ಗಾಡಿ ಮಾಡಿಕೊಂಡು ಹೊರಟರೆ ದಾರಿಯಲ್ಲೇ ಹೋಗಿಬಿಟ್ಟರು. ತಿಥಿ ದಿನ ಅವರ ಶರ್ಟುಗಳನ್ನು ಮಡಚಿಡುವಾಗ ಒಂದರ ಜೇಬಿನಲ್ಲಿ ಹಳೆಯ ಚೀಟಿ ಸಿಕ್ಕಿತು. ಎರಡು ವರ್ಷ ಹಿಂದಿನ ಆರೋಗ್ಯ ಶಿಬಿರದ್ದು. ಬಿಪಿ 170/104 ಎಂದು ಬರೆದಿತ್ತು. ಒಂದು ಹಾಳೆ ಮಾತ್ರೆ ನುಂಗಿ, ಏನೂ ತೊಂದರೆಯಿಲ್ಲವಲ್ಲ ಎಂದು ನಿಲ್ಲಿಸಿದ್ದರು. ಮನೆಯಲ್ಲೇ ನರ್ಸ್ ಇದ್ದೂ ಆ ಚೀಟಿ ನನ್ನ ಕಣ್ಣಿಗೆ ಬಿದ್ದದ್ದು ಅವರು ಹೋದ ಮೇಲೆ.

ಹೀಗೆ ಹೊತ್ತು ಕಳೆಯುವುದು ನಮ್ಮ ಚಿಕ್ಕಪ್ಪನೊಬ್ಬರ ಕಥೆಯಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರ ಮುಂದಾಳತ್ವದಲ್ಲಿ ದೇಶದ ಆಸ್ಪತ್ರೆಗಳಿಂದ 20,468 ಹೃದಯ ರೋಗಿಗಳ ವಿವರ ಕಲೆಹಾಕಿ 2008ರಲ್ಲಿ ಪ್ರಕಟಿಸಿದರು. ನೋವು ಶುರುವಾಗಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅರ್ಧದಷ್ಟು ಜನರಿಗೆ ಆರು ಗಂಟೆಯೋ ಅದಕ್ಕಿಂತ ಹೆಚ್ಚೋ ಆಗಿತ್ತು. ಬಡವರಲ್ಲಿ ಸಾವೂ ಹೆಚ್ಚಿತ್ತು.

ಆಮೇಲೆ ಕಾಲ ಸ್ವಲ್ಪ ಬದಲಾಗಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡಾಗ ನಮ್ಮೂರಿನ ಹುಡುಗರೆಲ್ಲ ಎದೆ ಮುಟ್ಟಿ ನೋಡಿಕೊಂಡರು. ಅವರ ಹೆಸರಿನಲ್ಲಿ ಬಂದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ, ಹೃದಯಾಘಾತವೆಂದು ಖಚಿತವಾದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಎದೆ ಹಿಡಿದರೆ, ನೋವು ಎಡಗೈಗೋ ದವಡೆಗೋ ಇಳಿದರೆ, ಕೂತಲ್ಲೇ ಬೆವರಿದರೆ ಸೋಡ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ. ಇದನ್ನು ನಾನು ಊರಿನ ಪ್ರತಿ ಮನೆಯಲ್ಲೂ ಹೇಳುತ್ತೇನೆ.

ಆದರೆ ಇಂಜೆಕ್ಷನ್ ಬೇಕಾಗುವ ಗಳಿಗೆ ಬರುವ ಇಪ್ಪತ್ತು ವರ್ಷ ಮೊದಲೇ ಕೆಲಸ ಅಡುಗೆಮನೆಯಲ್ಲಿ ಶುರುವಾಗಿರುತ್ತದೆ. ತಕ್ಕಡಿ ಹೊತ್ತು ಹೋಗುವುದು ಅದಕ್ಕೇ.

ದೊಡ್ಡಮ್ಮನ ಮನೆಯಲ್ಲಿ ಮೊದಲ ಸಲ ತಕ್ಕಡಿ ಇಟ್ಟ ದಿನ ಉಪ್ಪುಸಾರು ಮಾಡುತ್ತಿದ್ದರು. ನಮ್ಮ ಕಡೆ ಅದನ್ನು ಉಪ್ಸಾರು ಎನ್ನುತ್ತೇವೆ. ಸೊಪ್ಪು, ಅಲಸಂದೆ ಬೇಯಿಸಿ, ಬಸಿದ ಕಟ್ಟಿಗೆ ಉಪ್ಪು ಹಾಕಿದರೆ ಅದೇ ಸಾರು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆ ಅರೆದರೆ ಖಾರ. ಬಸಿದುಳಿದ ಸೊಪ್ಪುಕಾಳು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಒಂದೇ ಊಟ, ಆದರೆ ಸಾರಿಗೊಮ್ಮೆ, ಖಾರಕ್ಕೊಮ್ಮೆ, ಪಲ್ಯಕ್ಕೊಮ್ಮೆ ಕೈ ಉಪ್ಪಿನ ಡಬ್ಬಿಗೆ ಹೋಗುತ್ತದೆ. ಪ್ರತಿ ಸಲವೂ ದೊಡ್ಡಮ್ಮನ ಕೈಯನ್ನು ತಕ್ಕಡಿಯ ಮೇಲೆ ತಡೆದೆ. ಮೂರೂ ಸೇರಿ 31 ಗ್ರಾಂ. ತಿನ್ನುವವರು ಐದು ಜನ. ಒಂದು ಹೊತ್ತಿಗೇ ತಲಾ ಆರು ಗ್ರಾಂ ದಾಟಿತು, ಉಪ್ಪಿನಕಾಯಿ ಇನ್ನೂ ತಟ್ಟೆಗೆ ಬಿದ್ದಿರಲಿಲ್ಲ.

ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಲೆ ತಟ್ಟಿದ ಒಂದು ಟೀ ಚಮಚ ಪುಡಿ ಉಪ್ಪು ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಗಳೂರಿನ ಕೇಂದ್ರ 2017-18ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ದೇಶದ ಸರಾಸರಿ 8 ಗ್ರಾಂ ಬಂತು, ಗಂಡಸರಲ್ಲಿ 8.9, ಹೆಂಗಸರಲ್ಲಿ 7.1. ಪಶ್ಚಿಮದ ದೇಶಗಳಲ್ಲಿ ಉಪ್ಪಿನ ಹೆಚ್ಚಿನ ಪಾಲು ಕಾರ್ಖಾನೆಯಲ್ಲಿ ತಯಾರಾದ ಆಹಾರದಿಂದ ಬರುತ್ತದೆ, ಅಲ್ಲಿ ಸರ್ಕಾರ ಕಂಪನಿಗಳನ್ನು ಹಿಡಿದು ಕೇಳಬಹುದು. ನಮ್ಮ ಹಳ್ಳಿಗಳಲ್ಲಿ ಬಹುಪಾಲು ಉಪ್ಪು ನಮ್ಮದೇ ಒಲೆಯ ಮುಂದೆ, ನಮ್ಮದೇ ಕೈಯಿಂದ ಬೀಳುತ್ತದೆ. ನನಗೆ ಇದು ಸಮಾಧಾನದ ಸಂಗತಿ. ಯಾರ ಅಪ್ಪಣೆಗೂ ಕಾಯಬೇಕಿಲ್ಲ.

‘ನಿಮ್ಮಜ್ಜಿನೂ ಹಿಂಗೇ ಹಾಕ್ತಿದ್ರು, ತೊಂಬತ್ತು ವರ್ಷ ಬದುಕ್ಲಿಲ್ವಾ?’ ಎಂದರು ದೊಡ್ಡಮ್ಮ. ನ್ಯಾಯವಾದ ಪ್ರಶ್ನೆ. ಅಜ್ಜಿಯ ಕಾಲದಲ್ಲಿ ಇದ್ದದ್ದು ಕಲ್ಲುಪ್ಪು. ಅಂಗಡಿಯವರು ಆ ಮೂಟೆಯನ್ನು ರಾತ್ರಿ ಹೊರಗೇ ಬಿಡುತ್ತಿದ್ದರು, ಯಾರೂ ಕದಿಯುತ್ತಿರಲಿಲ್ಲ. ಹರಳಿನ ನಡುವೆ ಸಂದು ಇರುವುದರಿಂದ ಒಂದು ಹಿಡಿ ಕಲ್ಲುಪ್ಪು ಒಂದು ಹಿಡಿ ಪುಡಿ ಉಪ್ಪಿಗಿಂತ ಹಗುರ. ಮನೆಗೆ ಪುಡಿ ಉಪ್ಪು ಬಂತು, ಕೈಯ ಅಳತೆ ಮಾತ್ರ ಹಳೆಯದೇ ಉಳಿಯಿತು. ಇನ್ನೊಂದು ಬದಲಾವಣೆ ದುಡಿಮೆಯದು. ಅಜ್ಜಿ ಬಾವಿಯಿಂದ ನೀರು ಸೇದಿದವಳು, ರಾಗಿ ಬೀಸಿದವಳು. ಇವತ್ತು ಬಟನ್ ಒತ್ತಿದರೆ ನೀರು, ಮಿಲ್ಲಿನಲ್ಲಿ ಹಿಟ್ಟು. ‘ಬೆವರೋ ಮೈಗೆ ಉಪ್ಪು ಬೇಕು’ ಎಂಬ ಮಾತಿನಲ್ಲಿ ಸ್ವಲ್ಪ ನಿಜವಿದೆ. ಆದರೆ ಬಿಸಿಲಿನಲ್ಲಿ ಕೆಲವು ದಿನ ದುಡಿದ ಮೈ ಬೆವರಿನಲ್ಲಿ ಉಪ್ಪನ್ನು ಕಡಿಮೆ ಬಿಡಲು ತಾನೇ ಕಲಿಯುತ್ತದೆ. ಹೊಲದಲ್ಲಿ ಮೊದಲು ಬೇಕಾದ್ದು ನೀರು, ಮಜ್ಜಿಗೆ. ವಾಂತಿಭೇದಿಯಾದಾಗ ಓಆರ್‌ಎಸ್ ಕುಡಿಯಲೇಬೇಕು, ಅದನ್ನು ಯಾರೂ ಬಿಡಬಾರದು.

ಉಪ್ಪು ಹೆಚ್ಚಾದರೆ ಆಗುವುದೇನೆಂದು ನಾನು ಹನಿ ನೀರಾವರಿಯ ಪೈಪು ತೋರಿಸಿ ಹೇಳುತ್ತೇನೆ. ಉಪ್ಪು ಎಲ್ಲಿರುತ್ತದೋ ಅಲ್ಲಿ ನೀರನ್ನು ಹಿಡಿದಿಡುತ್ತದೆ. ರಕ್ತನಾಳದೊಳಗೆ ನೀರು ಹೆಚ್ಚಾದರೆ ಗೋಡೆಯ ಮೇಲೆ ಒತ್ತಡ ಏರುತ್ತದೆ. ಪಂಪು ವರ್ಷಗಟ್ಟಲೆ ಹೆಚ್ಚು ಒತ್ತಡದಲ್ಲಿ ಓಡಿದರೆ ಪೈಪು ಬಿರುಸಾಗುತ್ತದೆ, ಕೀಲುಗಳಲ್ಲಿ ಸೋರುತ್ತದೆ, ಪಂಪೂ ಸೋಲುತ್ತದೆ. ನಮ್ಮೊಳಗೆ ಸೋಲುವುದು ಹೃದಯ, ಮೂತ್ರಪಿಂಡ, ಮಿದುಳಿನ ಸಣ್ಣ ನಾಳಗಳು. ಪೈಪಿಗೆ ನೋವಿಲ್ಲ, ನಾಳಕ್ಕೂ ನೋವಿಲ್ಲ. ಚಿಕ್ಕಪ್ಪನಿಗೆ 170 ಇದ್ದಾಗಲೂ ‘ಏನೂ ತೊಂದರೆಯಿಲ್ಲ’ ಅನಿಸಿದ್ದು ಅದಕ್ಕೇ.

ಹಳ್ಳಿ ಒಟ್ಟಾಗಿ ಉಪ್ಪು ಬದಲಿಸಿದರೆ ಏನಾಗುತ್ತದೆಂದು ಚೀನಾದಲ್ಲಿ ನೋಡಿದ್ದಾರೆ. 600 ಹಳ್ಳಿಗಳು, 20,995 ಜನ, ಹತ್ತಿರಹತ್ತಿರ ಐದು ವರ್ಷ. ಹಿಂದೆ ಪಾರ್ಶ್ವವಾಯು ಹೊಡೆದವರು, ಇಲ್ಲವೇ ಅರವತ್ತು ದಾಟಿದ ಬಿಪಿ ಇರುವವರು. ಅರ್ಧ ಹಳ್ಳಿಗಳಿಗೆ ಮಾಮೂಲಿ ಉಪ್ಪು, ಇನ್ನರ್ಧಕ್ಕೆ ಕಾಲು ಭಾಗ ಪೊಟ್ಯಾಶಿಯಂ ಕ್ಲೋರೈಡ್ ಬೆರೆಸಿದ ಉಪ್ಪು. 2021ರಲ್ಲಿ ಫಲಿತಾಂಶ ಬಂತು: ಬೆರಕೆ ಉಪ್ಪಿನ ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇ 14, ಸಾವು ಶೇ 12 ಕಡಿಮೆ. ನಮ್ಮ ಪಕ್ಕದ ತೆಲಂಗಾಣದ ಸಿದ್ಧಿಪೇಟೆ ಕಡೆಯ ಏಳು ಹಳ್ಳಿಗಳಲ್ಲೂ 502 ಬಿಪಿ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಮೂರು ತಿಂಗಳು ಇಂಥದೇ ಉಪ್ಪು ಕೊಟ್ಟು ನೋಡಿದರು. ಮಾಮೂಲಿ ಉಪ್ಪು ತಿಂದವರಿಗಿಂತ ಅವರ ಮೇಲಿನ ಬಿಪಿ ಸರಾಸರಿ 4.6ರಷ್ಟು ಹೆಚ್ಚು ಇಳಿಯಿತು. ಅವರ ಅಡುಗೆಯೂ ನಮ್ಮದರ ಹಾಗೇ ಇರುವುದರಿಂದ ನನಗೆ ಆ ಲೆಕ್ಕದ ಮೇಲೆ ಹೆಚ್ಚು ನಂಬಿಕೆ.

ಹಾಗೆಂದು ಆ ಉಪ್ಪನ್ನು ಕಣ್ಣುಮುಚ್ಚಿ ಕೊಳ್ಳಬೇಡಿ. ಮೂತ್ರಪಿಂಡದ ತೊಂದರೆ ಇರುವವರಿಗೆ ರಕ್ತದಲ್ಲಿ ಪೊಟ್ಯಾಶಿಯಂ ಏರಿದರೆ ಪ್ರಾಣಕ್ಕೇ ಅಪಾಯ. ಕೆಲವು ಬಿಪಿ ಮಾತ್ರೆಗಳೂ ಅದನ್ನು ಏರಿಸುತ್ತವೆ. 2025ರ ಜನವರಿಯಲ್ಲಿ ಕಡಿಮೆ ಸೋಡಿಯಂ ಉಪ್ಪಿನ ಬಗ್ಗೆ ಸಲಹೆ ಕೊಟ್ಟ ವಿಶ್ವ ಆರೋಗ್ಯ ಸಂಸ್ಥೆಯೂ ಗರ್ಭಿಣಿಯರನ್ನು, ಮಕ್ಕಳನ್ನು, ಮೂತ್ರಪಿಂಡ ರೋಗಿಗಳನ್ನು ಹೊರಗಿಟ್ಟೇ ಮಾತಾಡಿದೆ. ಡಾಕ್ಟರನ್ನು ಕೇಳಿ ಬಳಸಿ. ಗುಲಾಬಿ ಬಣ್ಣದ ಸೈಂಧವ ಲವಣ ಆರೋಗ್ಯಕ್ಕೆ ಒಳ್ಳೆಯದೆಂದು ನಮ್ಮ ವಿಮಾನಪುರದ ಪಾರ್ಕಿನಲ್ಲಿ ಬೆಳಗಿನ ನಡಿಗೆಯವರು ಹೇಳುತ್ತಿರುತ್ತಾರೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ, ಮೇಲಾಗಿ ಹಲವು ಸಲ ಅಯೋಡಿನ್ ಸೇರಿಸಿರುವುದಿಲ್ಲ.

ನಮ್ಮೂರಿನಲ್ಲಿ ನಾವು ಮಾಡುತ್ತಿರುವುದು ಇನ್ನೂ ಸರಳ. ಸ್ತ್ರೀಶಕ್ತಿ ಸಂಘದ ಹೆಂಗಸರು ಸೇರಿದ ದಿನ, ಕಿಲೋ ಉಪ್ಪಿನ ಹೊಸ ಪೊಟ್ಟಣ ಒಡೆದಾಗ ಅದರ ಮೇಲೆ ತಾರೀಖು ಬರೆಯಿರಿ ಎಂದೆ. ಮುಗಿದ ದಿನ ಲೆಕ್ಕ ಹಾಕುವುದು: ಸಾವಿರ ಗ್ರಾಂ, ಇಷ್ಟು ದಿನ, ಇಷ್ಟು ಬಾಯಿ. ದೊಡ್ಡಮ್ಮನ ಮೊದಲ ಪೊಟ್ಟಣ 16 ದಿನಕ್ಕೆ ಮುಗಿದಿತ್ತು, ದಿನಕ್ಕೆ ತಲಾ ಹನ್ನೆರಡೂವರೆ ಗ್ರಾಂ. ಪಾತ್ರೆ ತೊಳೆಯಲು, ಅನ್ನದ ಗಂಜಿಯಲ್ಲಿ ಬಸಿದು ಹೋದದ್ದೆಂದು ಒಂದಿಷ್ಟು ಕಳೆದರೂ ಹೆಚ್ಚೇ. ಕೈ ಅಳತೆಯ ಜಾಗಕ್ಕೆ ಚಮಚ ಬಂತು. ಖಾರಕ್ಕೆ ಉಪ್ಪು ಹಾಕುವುದನ್ನು ಬಿಟ್ಟರು, ಸಾರಿನಲ್ಲಿ ಇದ್ದೇ ಇರುತ್ತದಲ್ಲ. ನಿಂಬೆ, ಬೆಳ್ಳುಳ್ಳಿ ಸ್ವಲ್ಪ ಮುಂದಾದವು. ಹುಚ್ಚೆಳ್ಳು ಚಟ್ನಿಪುಡಿಯಲ್ಲಿ ಉಪ್ಪು ಅರ್ಧಕ್ಕಿಳಿಯಿತು. ಮಜ್ಜಿಗೆ ಮೆಣಸಿನಕಾಯಿ, ಹಪ್ಪಳ, ಉಪ್ಪಿನಕಾಯಿ ಹಬ್ಬಕ್ಕೆ, ನೆಂಟರಿಗೆ. ಮುದ್ದೆಗೆ ನಮ್ಮ ಮನೆಗಳಲ್ಲಿ ಉಪ್ಪು ಹಾಕುವುದೇ ಇಲ್ಲ, ಅದನ್ನು ಹಾಗೇ ಉಳಿಸಿಕೊಳ್ಳಬೇಕು. ರಾಗಿ, ಹುರುಳಿ, ಸೊಪ್ಪುಗಳಲ್ಲಿ ಪೊಟ್ಯಾಶಿಯಂ ತಾನಾಗಿಯೇ ಇದೆ. ಮೊದಲ ಎರಡು ವಾರ ಗಂಡಸರು ತಟ್ಟೆ ತಳ್ಳಿದರು. ನಾಲಿಗೆ ಒಗ್ಗಲು ಕೆಲವು ವಾರ ಬೇಕು, ಆದ್ದರಿಂದ ಒಮ್ಮೆಗೇ ಅರ್ಧ ಮಾಡದೆ ವಾರವಾರಕ್ಕೆ ಚೂರುಚೂರು ಇಳಿಸಿ ಎಂದು ಹೇಳಿಕೊಟ್ಟೆ. ಮಕ್ಕಳ ಕೈಯಲ್ಲಿರುವ ಚಿಪ್ಸ್, ಕುರುಕಲು ಪೊಟ್ಟಣಗಳ ಜೊತೆಗಿನ ಹೋರಾಟ ಬೇರೆಯೇ ಇದೆ, ಅದರಲ್ಲಿ ನಾವಿನ್ನೂ ಗೆದ್ದಿಲ್ಲ.

ಹೆಂಗಸರ ಸಂಘದಿಂದ ಇದು ಆಗುವುದೇ ಎಂದು ಕೇಳುವವರಿಗೆ ಫಿನ್ಲೆಂಡಿನ ಉತ್ತರ ಕರೇಲಿಯಾದ ಮಾತು ಹೇಳುತ್ತೇನೆ. ಹೈನುಗಾರಿಕೆಯ, ಕಾಡಂಚಿನ ಹಳ್ಳಿಗಳ ಸೀಮೆ ಅದು. ನಡುವಯಸ್ಸಿನ ಗಂಡಸರು ಹೃದಯಾಘಾತಕ್ಕೆ ಸಾಲಾಗಿ ಸಾಯುತ್ತಿದ್ದರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಯುವ ವೈದ್ಯರ ತಂಡ ಅಲ್ಲಿನ ಗೃಹಿಣಿಯರ ‘ಮಾರ್ಥಾ’ ಸಂಘದ ಜೊತೆ ಸೇರಿ ಊರೂರಲ್ಲಿ ಹೊಸ ಅಡುಗೆ ಬಡಿಸಿತು. ಬೆಣ್ಣೆ, ಉಪ್ಪು, ಸಿಗರೇಟು ಮೂರೂ ಇಳಿದವು, ಬಿಪಿಗೆ ಚಿಕಿತ್ಸೆ ಸಿಕ್ಕಿತು. ಕೆಲವು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ಶೇ 80ಕ್ಕೂ ಹೆಚ್ಚು ಕಡಿಮೆಯಾಯಿತು. ಬೀಡಿ ಸೇದುತ್ತಾ ಉಪ್ಪು ಮಾತ್ರ ಕಡಿಮೆ ಮಾಡಿದರೆ ಸಾಲದು ಎಂಬುದನ್ನೂ ಅಲ್ಲಿಂದಲೇ ಕಲಿಯಬೇಕು.

2025ರ ಬೇಸಿಗೆ ಕಳೆದು ಹಾಸನದಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದಾಗ ಜಯದೇವದ ಮುಂದೆ ಜನ ಸಾಲುಗಟ್ಟಿದರು. ಭಯ ಒಂದು ತಿಂಗಳು ಇರುತ್ತದೆ, ಅಡುಗೆ ದಿನಾ ಇರುತ್ತದೆ. ನಮ್ಮ ಕೋಲಾರ ಜಿಲ್ಲೆಯಲ್ಲೇ 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬಂದು ಮೂವತ್ತು ದಾಟಿದವರ ಬಿಪಿ, ಸಕ್ಕರೆ ವಿಚಾರಿಸುತ್ತಾರೆ. ಅವರು ಬಂದಾಗ ಕೆಲಸವಿದೆ ಎಂದು ಕಳಿಸಬೇಡಿ, ಕೈ ಚಾಚಿ ಕೂರಿ. 140/90 ದಾಟಿದ್ದರೆ ಡಾಕ್ಟರನ್ನು ಕಾಣಿ, ಅವರು ಕೊಟ್ಟ ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಉಪ್ಪು ಇಳಿಸುವುದು ಮಾತ್ರೆಗೆ ಬದಲಿಯಲ್ಲ, ಮಾತ್ರೆಗೆ ಜೊತೆ.

ದೊಡ್ಡಮ್ಮನ ಈಚಿನ ಪೊಟ್ಟಣ 29 ದಿನ ಬಂದಿದೆ. ನೀವೂ ಮುಂದಿನ ಪೊಟ್ಟಣ ಒಡೆಯುವಾಗ ಅದರ ಮೇಲೆ ತಾರೀಖು ಬರೆಯಿರಿ. ಐದು ಜನರ ಮನೆಗೆ ಅದು 40 ದಿನ ಬರಬೇಕು.